ಕಛೇರಿಯ ಬಾಗಿಲಿನವರೆಗೆ



ಅಂಗಡಿಯ ಮೆಟ್ಟಿಲು ಎತ್ತರವಾಗಿದ್ದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗಬಹುದು. ಉಪಾಹಾರಗೃಹದ ಬಾಗಿಲು ಇಕ್ಕಟ್ಟಾಗಿದ್ದರೆ ಮನೆಯಲ್ಲಿಯೇ ಉಣ್ಣಬಹುದು. ಆದರೆ ತಾಲ್ಲೂಕು ಕಛೇರಿಗೆ ಬದಲಾಗಿ ಮತ್ತೊಂದು ತಾಲ್ಲೂಕು ಕಛೇರಿಯಿಲ್ಲ. ತಂದೆ ಕಾಲವಾದ ಮೇಲೆ ಜಮೀನಿನ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾದ ರೈತ, ಕೊಂಡ ಮನೆಯ ಕ್ರಯಪತ್ರವನ್ನು ನೋಂದಾಯಿಸಬೇಕಾದ ಗೃಹಿಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರವಿಲ್ಲದೆ ಮಗಳನ್ನು ಕಾಲೇಜಿಗೆ ಸೇರಿಸಲಾರದ ತಾಯಿ, ಬರುತ್ತಿದ್ದ ಮಾಸಾಶನವು ಏಕೆ ನಿಂತಿತೆಂದು ವಿಚಾರಿಸಬೇಕಾದ ವೃದ್ಧ, ಇವರೆಲ್ಲರೂ ಸರ್ಕಾರವು ಯಾವ ಬಾಗಿಲನ್ನು ತೆರೆದಿಟ್ಟಿದೆಯೋ ಆ ಒಂದೇ ಬಾಗಿಲಿನಿಂದ ಒಳಹೋಗತಕ್ಕವರು. ಆ ಬಾಗಿಲಿನ ಮುಂದೆ ಆರು ಮೆಟ್ಟಿಲುಗಳಿದ್ದು, ಗಾಲಿಕುರ್ಚಿಯಲ್ಲಿ ಬಂದವರು ಕೆಳಗೆ ಬಿಸಿಲಿನಲ್ಲಿ ನಿಂತು ಯಾರಾದರೂ ಕರುಣಿಸಿ ಎತ್ತಿಕೊಂಡು ಹೋದಾರೇ ಎಂದು ಕಾಯಬೇಕಾಗಿ ಬಂದರೆ, ಅದನ್ನು ಕಟ್ಟಡದ ಒಂದು ಸಣ್ಣ ಕೊರತೆಯೆಂದು ಹೇಳಿ ಸುಮ್ಮನಾಗುವಂತಿಲ್ಲ. ಶಾಸನದಲ್ಲಿ ಬರೆದುಕೊಟ್ಟ ಹಕ್ಕನ್ನು ಕಲ್ಲುಗಾರೆಯಲ್ಲಿ ಹಿಂದಕ್ಕೆ ಪಡೆದಂತಾಯಿತು ಅದು. ಸರ್ಕಾರಿ ಕಛೇರಿಗಳನ್ನು ವಿಕಲಚೇತನರಿಗೆ ಸುಗಮವಾಗುವಂತೆ ತಿದ್ದಿ ಕಟ್ಟುವುದು ಹೇಗೆ, ಅದರಲ್ಲಿ ನಾವು ಎಡವುತ್ತಿರುವುದು ಎಲ್ಲಿ ಎಂಬುದನ್ನು ಈ ದಿನ ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಇಂತಹವರ ಸಂಖ್ಯೆ ಅಲ್ಪವೆಂದು ಭಾವಿಸುವುದು ತಪ್ಪು. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು 2.68 ಕೋಟಿ, ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೂ ಮಿಗಿಲು. ಆ ಗಣತಿಯ ಕಾಲದಲ್ಲಿ ಜಾರಿಯಲ್ಲಿದ್ದ ಅಂಗವಿಕಲ ವ್ಯಕ್ತಿಗಳ 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮವು ಅವನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿತು. ಇವಲ್ಲದೆ ಯಾವ ಪಟ್ಟಿಗೂ ಸೇರದವರಿದ್ದಾರೆ: ಮೊಣಕಾಲು ಸವೆದ ವೃದ್ಧರು, ತುಂಬು ಗರ್ಭಿಣಿಯರು, ಮೂಳೆ ಮುರಿದು ಕಟ್ಟುಹಾಕಿಸಿಕೊಂಡವರು. ಆಯುಷ್ಯವಿದ್ದವರೆಲ್ಲರೂ ಒಂದಲ್ಲ ಒಂದು ದಿನ ಸೇರಬೇಕಾದ ಸಮುದಾಯವಿದು.

ನಮ್ಮ ಹಳೆಯ ಕಛೇರಿಗಳು ನೆಲದಿಂದ ಮೇಲೆದ್ದು ನಿಂತಿರುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಮಳೆಯ ನೀರು ಒಳನುಗ್ಗಬಾರದು, ನೆಲದ ತೇವ ಗೋಡೆಗೇರಿ ದಫ್ತರಗಳು ಕೊಳೆಯಬಾರದು, ಗೆದ್ದಲು ಕಂದಾಯದ ಲೆಕ್ಕಪತ್ರಗಳನ್ನು ತಿನ್ನಬಾರದು ಎಂಬ ವಿವೇಕದಿಂದ ಹಿಂದಿನವರು ನೆಲಗಟ್ಟನ್ನು ಎರಡು ಮೂರಡಿ ಎತ್ತರಿಸಿ, ಮುಂದೆ ಜಗಲಿ ಕಟ್ಟಿ, ಜಗಲಿಗೆ ಮೆಟ್ಟಿಲಿಟ್ಟರು. ಅದರೊಡನೆ ಪ್ರಭುತ್ವದ ಗಾಂಭೀರ್ಯವನ್ನು ಎತ್ತರದಿಂದ ತೋರಿಸಬೇಕೆಂಬ ಅಭಿಲಾಷೆಯೂ ಸೇರಿತು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಪೂರ್ವದಿಕ್ಕಿನಲ್ಲಿ ಇಳಿದುಬಂದಿರುವ ಆ ವಿಶಾಲವಾದ ಶಿಲಾಸೋಪಾನವನ್ನು ಕಂಡು ಹೆಮ್ಮೆಪಡದ ಕನ್ನಡಿಗನಿಲ್ಲ, ನಾನೂ ಹೆಮ್ಮೆಪಡುತ್ತೇನೆ. ಅದು ಸುಂದರವಾದುದು. ಆದರೆ ಅದನ್ನು ಕಲ್ಪಿಸಿದವರ ಚಿತ್ತದಲ್ಲಿ ಇದ್ದ ಪ್ರಜೆ ಎರಡು ಕಾಲುಗಳ ಮೇಲೆ ನಡೆದು ಏರಿಬರುವ ಪ್ರಜೆ ಮಾತ್ರ. ಅಂದಿನವರನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಅಂದು ಲೋಕದ ಬಹುಭಾಗ ಹಾಗೆಯೇ ಭಾವಿಸಿತ್ತು. ಇಂದು ಹೊಸದಾಗಿ ಕಟ್ಟುವಾಗಲೂ ಅದೇ ಪ್ರಜೆಯೊಬ್ಬನನ್ನೇ ನೆನೆಯುವುದಾದರೆ ಅದಕ್ಕೆ ಕ್ಷಮೆಯಿಲ್ಲ.

ಈಗ ಇಳಿಜಾರು ದಾರಿಯ ವಿಷಯಕ್ಕೆ ಬರೋಣ. ರ‍್ಯಾಂಪ್ ಎಂದು ನಾವೆಲ್ಲ ಕರೆಯುವ ಇದು ನೋಡುವುದಕ್ಕೆ ಅತ್ಯಂತ ಸರಳವಾದ ವಸ್ತು. ನಮ್ಮ ಊರುಗಳಲ್ಲಿ ಅತ್ಯಂತ ಹೆಚ್ಚಾಗಿ ಕೆಡುವ ಕೆಲಸವೂ ಇದೇ. ಅದರ ಸೂತ್ರವಿಷ್ಟೆ: ಒಂದು ಅಡಿ ಮೇಲೇರಬೇಕಾದರೆ ದಾರಿ ಕನಿಷ್ಠಪಕ್ಷ ಹನ್ನೆರಡು ಅಡಿ ಮುಂದಕ್ಕೆ ಸಾಗಬೇಕು. ಇದು ಪರಮಾವಧಿ, ಸ್ಥಳವಿದ್ದರೆ ಇನ್ನೂ ನಿಧಾನವಾಗಿ ಏರುವುದೇ ಮೇಲು. ಅರ್ಧ ಅಡಿಯ ಆರು ಮೆಟ್ಟಿಲುಗಳುಳ್ಳ ಕಛೇರಿಯ ನೆಲಗಟ್ಟು ಮೂರಡಿ ಎತ್ತರವಷ್ಟೆ. ಅದಕ್ಕೆ ಬೇಕಾದ ಇಳಿಜಾರಿನ ಉದ್ದ ಮೂವತ್ತಾರು ಅಡಿ. ಇದರ ಜೊತೆಗೆ ಆರಂಭದಲ್ಲಿ, ಕೊನೆಯಲ್ಲಿ, ಉದ್ದ ಹೆಚ್ಚಿದರೆ ನಡುವೆಯೂ, ಗಾಲಿಕುರ್ಚಿ ನಿಂತು ಉಸಿರಾಡಿಕೊಳ್ಳುವಷ್ಟು, ತಿರುಗುವಷ್ಟು ಸಮತಲವಾದ ಜಾಗ ಬೇಕು. ಗಾಲಿಕುರ್ಚಿಯೊಂದು ಸಂಪೂರ್ಣವಾಗಿ ತಿರುಗುವುದಕ್ಕೆ ಒಂದೂವರೆ ಮೀಟರು ವ್ಯಾಸದ ಬಯಲು ಆವಶ್ಯಕ. ಲೆಕ್ಕ ಕೂಡಿಸಿದರೆ ನಲವತ್ತೈದು ಅಡಿಗೆ ಸಮೀಪವಾಗುತ್ತದೆ. ಅಷ್ಟು ಸ್ಥಳ ಎದುರಿಗೆ ನೇರವಾಗಿ ಇಲ್ಲದಿದ್ದರೆ ದಾರಿಯನ್ನು ಮಡಿಸಿ, ಗೋಡೆಯ ಪಕ್ಕದಲ್ಲಿ ಹಾಯಿಸಿ, ಒಂದು ತಿರುವು ಕೊಟ್ಟು ಮೇಲಕ್ಕೆ ತರಬಹುದು. ಇದನ್ನು ಮಾಡುವುದಕ್ಕೆ ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಮುಂದಾಲೋಚನೆ.

ಆದರೆ ಸಾಮಾನ್ಯವಾಗಿ ಆಗುವುದೇನು? ಇದ್ದ ಮೆಟ್ಟಿಲುಗಳ ಒಂದು ಮೂಲೆಯನ್ನು ಕಾಂಕ್ರೀಟಿನಿಂದ ತುಂಬಿ, ಎಂಟು ಹತ್ತು ಅಡಿಯೊಳಗೆ ಮೂರಡಿ ಏರಿಸಿ, ‘ರ‍್ಯಾಂಪ್ ನಿರ್ಮಿಸಲಾಗಿದೆ’ ಎಂದು ವರದಿ ಬರೆದು ಕಾಮಗಾರಿಯ ಬಿಲ್ಲು ಪಾವತಿಯಾಗುತ್ತದೆ. ಅಂತಹ ಕಡಿದಾದ ದಾರಿಯಲ್ಲಿ ಗಾಲಿಕುರ್ಚಿಯನ್ನು ತನ್ನ ತೋಳುಗಳಿಂದ ತಳ್ಳಿಕೊಂಡು ಏರುವುದು ಬಲಿಷ್ಠರಿಗೂ ಅಸಾಧ್ಯ; ಹಿಂದಿನಿಂದ ಇನ್ನೊಬ್ಬರು ತಳ್ಳಿದರೂ ಕುರ್ಚಿ ಹಿಮ್ಮುಖವಾಗಿ ಮಗುಚುವ ಭಯ; ಇಳಿಯುವಾಗಲಂತೂ ಅದು ಕೈಯ ಹತೋಟಿಯನ್ನು ಮೀರಿ ಓಡುತ್ತದೆ. ಅದರ ಮೇಲೆ ಅಂದಕ್ಕಾಗಿ ಹೊಳಪಿನ ಗ್ರಾನೈಟ್ ಹಾಸಿದ್ದರೆ, ಮಳೆಗಾಲದಲ್ಲಿ ಊರುಗೋಲಿನ ರಬ್ಬರು ತುದಿ ಜಾರುವುದಕ್ಕೆ ಅಷ್ಟೇ ಸಾಕು. ಇಂತಹ ಇಳಿಜಾರುಗಳು ಕೊನೆಗೆ ಉಪಯೋಗಕ್ಕೆ ಬರುವುದು ಸಿಬ್ಬಂದಿಯವರು ತಮ್ಮ ದ್ವಿಚಕ್ರವಾಹನಗಳನ್ನು ನೆರಳಿಗೆ ಏರಿಸಿ ನಿಲ್ಲಿಸುವುದಕ್ಕೆ. ಮೆಟ್ಟಿಲಿಗಿಂತ ಇಂತಹ ರ‍್ಯಾಂಪು ಹೆಚ್ಚು ಕ್ರೂರವಾದುದೆಂದು ನನಗನ್ನಿಸುತ್ತದೆ. ಮೆಟ್ಟಿಲು ‘ನಿನಗೆ ಇಲ್ಲಿ ದಾರಿಯಿಲ್ಲ’ ಎಂದು ಸ್ಪಷ್ಟವಾಗಿಯಾದರೂ ಹೇಳುತ್ತದೆ, ಇದಾದರೋ ದಾರಿಯೆಂದು ಕರೆದು ಅಪಾಯಕ್ಕೆ ಒಯ್ಯುತ್ತದೆ. ಒರಟಾದ ಮೇಲ್ಮೈ, ಚಕ್ರ ಪಕ್ಕಕ್ಕೆ ಜಾರದಂತೆ ಅಂಚಿನಲ್ಲೊಂದು ಸಣ್ಣ ಕಟ್ಟೆ, ಎರಡೂ ಪಕ್ಕಗಳಲ್ಲಿ ಎರಡೆರಡು ಎತ್ತರಗಳಲ್ಲಿ, ಅಂದರೆ 76 ಮತ್ತು 90 ಸೆಂಟಿಮೀಟರುಗಳಲ್ಲಿ, ಮುಷ್ಟಿಗೆ ಸಿಕ್ಕುವಂತಹ ದುಂಡನೆಯ ಕೈಹಿಡಿಕಂಬಿ, ಇವು ಸೇರಿದರೆ ಮಾತ್ರ ಅದು ಇಳಿಜಾರು ದಾರಿಯೆನ್ನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಾದರೂ ಕೆಲಸ ಮುಗಿಯಲಿಲ್ಲ. ಬಸ್ಸಿನಿಂದಲೋ ಆಟೋದಿಂದಲೋ ಇಳಿದ ಸ್ಥಳದಿಂದ ಹಿಡಿದು, ಅರ್ಜಿಯನ್ನು ಕೊಟ್ಟು, ಉತ್ತರವನ್ನು ಪಡೆದು, ಮತ್ತೆ ಬೀದಿಗೆ ಬರುವವರೆಗಿನ ದಾರಿ ಎಲ್ಲಿಯೂ ಕಡಿಯದೆ ಇರಬೇಕು. ಕೆರೆಯ ಏರಿ ಒಂದು ಕಡೆ ಒಡೆದರೂ ಉಳಿದ ಏರಿಯೆಲ್ಲ ಭದ್ರವಾಗಿದ್ದು ಫಲವಿಲ್ಲದಂತೆ, ಈ ದಾರಿಯಲ್ಲಿ ಒಂದು ಹೊಸ್ತಿಲು ಅಡ್ಡಬಂದರೆ ಹಿಂದಿನ ವೆಚ್ಚವೆಲ್ಲ ವ್ಯರ್ಥ. ಗೇಟಿನ ಬಳಿ ದನಕರುಗಳು ಬಾರದಂತೆ ನೆಟ್ಟ ಕಬ್ಬಿಣದ ಕಂಬಿಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ಬಾಗಿಲಿನ ತೆರಪು 90 ಸೆಂಟಿಮೀಟರಾದರೂ ಇರಬೇಕಾದ ಕಡೆ ಜೋಡಿಬಾಗಿಲಿನ ಒಂದು ಹಲಗೆಗೆ ಸದಾ ಅಗುಳಿ ಬಿದ್ದಿರುತ್ತದೆ. ಒಳಗೆ ಹೋದರೆ, ನಿಂತವರ ಎದೆಯೆತ್ತರದ ಕೌಂಟರು. ಅದರ ಆಚೆ ಕುಳಿತ ಗುಮಾಸ್ತರಿಗೆ ಗಾಲಿಕುರ್ಚಿಯಲ್ಲಿರುವವರ ಮುಖವೂ ಕಾಣದು. ಕೌಂಟರಿನ ಒಂದು ಭಾಗವನ್ನು 75ರಿಂದ 80 ಸೆಂಟಿಮೀಟರಿಗೆ ಇಳಿಸಿ, ಕೆಳಗೆ ಮೊಣಕಾಲು ಹೋಗುವಷ್ಟು ಜಾಗ ಬಿಡುವುದು ಬಡಗಿಯೊಬ್ಬನ ಒಂದೆರಡು ದಿನದ ಕೆಲಸ.

ಶೌಚಾಲಯದ ಮಾತನ್ನು ಸಂಕೋಚದಿಂದ ಬಿಟ್ಟುಬಿಡುವುದು ವಾಡಿಕೆ. ಆದರೆ ದಿನವೆಲ್ಲ ಕಾಯಬೇಕಾಗುವ ಕಛೇರಿಗೆ ಹೊರಡುವ ವಿಕಲಚೇತನ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯದೆ ಬರುತ್ತಾರೆಂಬ ಸಂಗತಿಯನ್ನು ಅರಿತವರು ಅದನ್ನು ಬಿಡಲಾರರು. ಅಂತಹ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು. ಏಕೆಂದರೆ ಒಳಗೆ ಯಾರಾದರೂ ಬಿದ್ದು ಬಾಗಿಲಿಗೆ ಅಡ್ಡಲಾದರೆ ಒಳಮುಖದ ಬಾಗಿಲನ್ನು ಹೊರಗಿನವರು ತೆರೆಯುವಂತಿಲ್ಲ. ಪಕ್ಕದಲ್ಲಿ ಭಾರಹೊರುವ ಹಿಡಿಕಂಬಿಗಳಿರಬೇಕು. ಸಹಾಯಕ್ಕಾಗಿ ಕರೆಯುವ ಗಂಟೆಯ ಹಗ್ಗ, ನೆಲದಲ್ಲಿ ಬಿದ್ದವರ ಕೈಗೂ ಎಟುಕುವಂತೆ ಕೆಳಗಿನವರೆಗೆ ಇಳಿಬಿದ್ದಿರಬೇಕು. ಎಲ್ಲಕ್ಕೂ ಮುಖ್ಯವಾಗಿ, ಅದರ ಬೀಗದ ಕೈ ರಜೆಯಲ್ಲಿರುವ ನೌಕರನ ಜೇಬಿನಲ್ಲಿರಬಾರದು, ಒಳಗೆ ಹಳೆಯ ಕಡತಗಳ ಗಂಟುಗಳಿರಬಾರದು.

ಸುಗಮತೆಯೆಂದರೆ ಗಾಲಿಕುರ್ಚಿಯೊಂದೇ ಎಂದು ತಿಳಿಯುವುದೂ ನಮ್ಮಲ್ಲಿ ಬೇರೂರಿದ ಒಂದು ಭ್ರಮೆ. ನಗರದ ಪಾದಚಾರಿ ಮಾರ್ಗಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಉಬ್ಬುಗೆರೆಗಳೂ ಉಬ್ಬುಚುಕ್ಕೆಗಳೂ ಉಳ್ಳ ಹಳದಿ ಬಿಲ್ಲೆಗಳನ್ನು ತಾವು ನೋಡಿರಬಹುದು. ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಕಲ್ಪಿಸಿದ ಈ ಬಿಲ್ಲೆಗಳು 1967ರ ಮಾರ್ಚಿನಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಸಮೀಪದ ಬೀದಿಯಲ್ಲಿ ಮೊತ್ತಮೊದಲು ಹಾಸಲ್ಪಟ್ಟವು. ಗೆರೆಯುಳ್ಳದ್ದು ‘ಮುಂದೆ ನಡೆ’ ಎನ್ನುತ್ತದೆ, ಚುಕ್ಕೆಯುಳ್ಳದ್ದು ‘ಎಚ್ಚರ, ನಿಲ್ಲು’ ಎನ್ನುತ್ತದೆ. ಪಾದವೂ ಕೈಗೋಲೂ ಅದನ್ನು ಓದುತ್ತವೆ, ಅಲ್ಪದೃಷ್ಟಿಯುಳ್ಳವರಿಗೆ ಹಳದಿ ಬಣ್ಣವೇ ದಾರಿತೋರುತ್ತದೆ. ಈ ತತ್ತ್ವವನ್ನು ಅರಿಯದೆ ಅಲಂಕಾರಕ್ಕೆಂಬಂತೆ ಹಾಸಿದಾಗ ಆ ಪಟ್ಟಿ ವಿದ್ಯುತ್ ಕಂಬಕ್ಕೆ ಹೋಗಿ ತಾಗುವುದುಂಟು. ಕಿವಿ ಕೇಳದವರ ಪಾಡು ಇನ್ನೂ ಕಣ್ಮರೆಯಾದದ್ದು, ಏಕೆಂದರೆ ಅವರನ್ನು ತಡೆಯುವ ಮೆಟ್ಟಿಲು ಯಾರಿಗೂ ಕಾಣುವುದಿಲ್ಲ: ಹೆಸರು ಕೂಗಿ ಕರೆಯುವ ಕಛೇರಿಯಲ್ಲಿ ಅವರ ಸರದಿ ಅವರಿಗೆ ತಿಳಿಯದೆ ದಾಟಿಹೋಗುತ್ತದೆ. ಸರದಿಯ ಸಂಖ್ಯೆಯನ್ನು ಫಲಕದಲ್ಲಿ ಕಾಣಿಸುವುದು, ಅದೇ ಸಂಖ್ಯೆಯನ್ನು ಕಣ್ಣು ಕಾಣದವರಿಗಾಗಿ ಕೂಗುವುದು, ಎರಡೂ ಒಟ್ಟಿಗೆ ನಡೆಯಬೇಕಾದವು. ಸೂಚನಾಫಲಕಗಳಲ್ಲಿ ತಿಳಿಗನ್ನಡದ ದಪ್ಪಕ್ಷರಗಳೂ ಚಿತ್ರಗಳೂ ಇದ್ದರೆ ಬೌದ್ಧಿಕ ವೈಕಲ್ಯವುಳ್ಳವರಿಗಷ್ಟೇ ಅಲ್ಲ, ಮೊದಲ ಸಲ ಕಛೇರಿಗೆ ಬಂದ ಹಳ್ಳಿಯವರಿಗೂ ಉಪಕಾರ.

ಎರಡನೆಯ ಅಂತಸ್ತಿನ ತೊಡಕಿಗೆ ಲಿಫ್ಟೇ ಪರಿಹಾರವೆಂದು ಹೇಳಿ, ಅದಕ್ಕೆ ಅನುದಾನವಿಲ್ಲವೆಂದು ಹೇಳಿ, ಕಡತವನ್ನು ಮುಚ್ಚಿಡುವುದನ್ನು ಕಾಣುತ್ತೇವೆ. ಲಿಫ್ಟು ಬರಲಿ, ಆದರೆ ಅದು ಬರುವವರೆಗೆ, ಸಾರ್ವಜನಿಕರು ಬರಬೇಕಾದ ಶಾಖೆಗಳನ್ನು ಕೆಳಗಿನ ಅಂತಸ್ತಿಗೂ, ಒಳಗೊಳಗಿನ ಲೆಕ್ಕಪತ್ರದ ಶಾಖೆಗಳನ್ನು ಮೇಲಿನ ಅಂತಸ್ತಿಗೂ ಅದಲುಬದಲು ಮಾಡುವುದಕ್ಕೆ ಯಾವ ಅನುದಾನ ಬೇಕು? ‘ತಾವು ಕೆಳಗೇ ಇರಿ, ಸಾಹೇಬರೇ ಬಂದು ನೋಡುತ್ತಾರೆ’ ಎಂಬ ಸೌಜನ್ಯವನ್ನು ನಾನು ಹಳಿಯಲಾರೆ. ಅನೇಕ ಸಹೃದಯ ಅಧಿಕಾರಿಗಳು ಹಾಗೆ ಇಳಿದು ಬರುತ್ತಾರೆ. ಆದರೆ ಆ ಅಧಿಕಾರಿ ವರ್ಗವಾದ ದಿನ ಆ ಸೌಜನ್ಯವೂ ವರ್ಗವಾಗಿಹೋಗುತ್ತದೆ; ಸರಿಯಾಗಿ ಕಟ್ಟಿದ ದಾರಿ ಹೋಗುವುದಿಲ್ಲ.

ಪಾರಂಪರಿಕ ಕಟ್ಟಡಗಳ ವಿಷಯದಲ್ಲಿ ಮಾತ್ರ ಹೆಚ್ಚಿನ ಸೂಕ್ಷ್ಮತೆ ಬೇಕು. ಬೆಂಗಳೂರಿನ ಅಠಾರಾ ಕಛೇರಿಯಂತಹ ಹತ್ತೊಂಬತ್ತನೆಯ ಶತಮಾನದ ಕಟ್ಟಡದ ಮುಂಭಾಗವನ್ನು ಒಡೆದು ಕಾಂಕ್ರೀಟು ಸುರಿಯಬೇಕೆಂದು ಯಾರೂ ಹೇಳರು. ಮೂಲ ಕಲ್ಲಿಗೆ ಗಾಯಮಾಡದೆ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದಂತೆ ಉಕ್ಕಿನಿಂದಲೋ ಮರದಿಂದಲೋ ಇಳಿಜಾರನ್ನು ಜೋಡಿಸುವ ವಿಧಾನಗಳುಂಟು. ಪಕ್ಕದ ಬಾಗಿಲನ್ನು ಉಪಯೋಗಿಸಬೇಕಾಗಿ ಬಂದರೆ, ಅದು ಕಸದ ತೊಟ್ಟಿಯ ಹಾದಿಯಾಗಿರದೆ ಎಲ್ಲರೂ ಗೌರವದಿಂದ ಬರತಕ್ಕ ಬಾಗಿಲಾಗಿರಬೇಕು.

ಶಾಸನದ ಬಲ ಇದೆಯೇ ಎಂದರೆ, ಇದೆ. 2015ರ ಡಿಸೆಂಬರ್ 3ರಂದು ಕೇಂದ್ರಸರ್ಕಾರ ‘ಸುಗಮ್ಯ ಭಾರತ’ ಅಭಿಯಾನವನ್ನು ಆರಂಭಿಸಿತು. 2016ರ ಅಧಿನಿಯಮದ 44ನೆಯ ಪ್ರಕರಣವು, ಸುಗಮತೆಯ ನಿಯಮಗಳಿಗೆ ಅನುಗುಣವಾಗಿಲ್ಲದ ನಕ್ಷೆಗೆ ಕಟ್ಟಡದ ಅನುಮತಿ ಕೊಡಕೂಡದೆನ್ನುತ್ತದೆ. 45ನೆಯ ಪ್ರಕರಣವು, ಆಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ತಿದ್ದಬೇಕೆಂದು ವಿಧಿಸುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಆ ಐದು ವರ್ಷಗಳು ಎಂದೋ ಸಂದುಹೋದವು. ದೃಷ್ಟಿಹೀನರಾದ ನಾಗರಿಕರೊಬ್ಬರು 2005ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ವಿಸ್ತಾರವಾದ ನಿರ್ದೇಶನಗಳನ್ನಿತ್ತಿತು; ಅವುಗಳ ಪಾಲನೆ ಹೇಗಿದೆಯೆಂದು ಹೈದರಾಬಾದಿನ ನಲ್ಸಾರ್ ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದಿಂದ ವರದಿ ತರಿಸಿಕೊಂಡು, 2024ರ ನವೆಂಬರ್ 8ರಂದು ಮತ್ತೊಂದು ತೀರ್ಪನ್ನು ಕೊಟ್ಟಿತು. ನಿಯಮಗಳಲ್ಲಿ ಹೇಳಿದ ಮಾನಕಗಳು ಕೇವಲ ಸಲಹೆಗಳಂತಿವೆ, ಮೂಲ ಅಧಿನಿಯಮ ಕೇಳುವುದು ಸಲಹೆಯನ್ನಲ್ಲ, ಬಿಡಲಾಗದ ಕಟ್ಟಳೆಯನ್ನು. ಆದುದರಿಂದ ಆ ನಿಯಮ ಊರ್ಜಿತವಲ್ಲ, ಮೂರು ತಿಂಗಳೊಳಗೆ ಕಡ್ಡಾಯವಾದ ಮಾನಕಗಳನ್ನು ರಚಿಸತಕ್ಕದ್ದು ಎಂಬುದು ಅದರ ಸಾರ. ಇಷ್ಟು ಕಾಲ ‘ಆದರೆ ಮಾಡೋಣ’ ಎಂಬ ಮಾತಿಗೆ ಆಸರೆಯಾಗಿದ್ದ ನೆಪ ಇದರಿಂದ ತಪ್ಪಿತು.

ಕಟ್ಟಡವನ್ನು ತಿದ್ದುವ ಮೊದಲು ಅದನ್ನು ಪರಿಶೀಲಿಸುವವರು ಯಾರು ಎಂಬುದು ಬಹಳ ಮುಖ್ಯ. ನಕ್ಷೆಯ ಮೇಲೆ ಸರಿಯಾಗಿ ಕಂಡ ದಾರಿಯಲ್ಲಿ ಗಾಲಿಕುರ್ಚಿಯವರು, ಕೈಗೋಲಿನವರು, ಕಿವಿ ಕೇಳದವರು ಸ್ವತಃ ಒಮ್ಮೆ ಬೀದಿಯಿಂದ ಕೌಂಟರಿನವರೆಗೆ ಹೋಗಿಬರಬೇಕು. ಎಂಜಿನಿಯರು ಟಿಪ್ಪಣಿಪುಸ್ತಕ ಹಿಡಿದು ಅವರ ಹಿಂದೆ ನಡೆಯಬೇಕು. ಅವರ ಈ ಶ್ರಮಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. ಲೋಕೋಪಯೋಗಿ ಇಲಾಖೆಯು ಕಾಮಗಾರಿ ಪೂರ್ಣವಾಯಿತೆಂದು ಒಪ್ಪಿಕೊಳ್ಳುವಾಗಲೂ ಅವರ ಸಹಿ ಅದರಲ್ಲಿ ಇರುವಂತಾದರೆ, ಹತ್ತು ಅಡಿಯ ರ‍್ಯಾಂಪುಗಳು ಹುಟ್ಟುವುದೇ ಇಲ್ಲವೆಂದು ನನ್ನ ನಂಬಿಕೆ.

ತಮ್ಮ ಊರಿನ ಕಛೇರಿಯಲ್ಲಿ ದಾರಿ ಕಡಿದಿದೆಯೆಂದು ಕಂಡವರು ಮೊದಲು ಆ ಕಛೇರಿಯ ಮುಖ್ಯಸ್ಥರಿಗೆ, ಅಲ್ಲಿ ಫಲಿಸದಿದ್ದರೆ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯಗಳಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವುಂಟು. ದೂರು ಬರೆಯುವಾಗ ಮೆಟ್ಟಿಲುಗಳೆಷ್ಟು, ಇಳಿಜಾರು ಎಷ್ಟು ಅಡಿ ಉದ್ದದಲ್ಲಿ ಎಷ್ಟು ಏರುತ್ತದೆ, ಬಾಗಿಲಿನ ತೆರಪೆಷ್ಟು, ಶೌಚಾಲಯ ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ವಿವರಗಳನ್ನೂ ಒಂದು ಛಾಯಾಚಿತ್ರವನ್ನೂ ಜೊತೆಗಿಟ್ಟರೆ, ‘ರ‍್ಯಾಂಪ್ ನಿರ್ಮಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರದಿಂದ ಅದನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ.