ಡಾನ್ ಅನ್ಸೆಲ್ಮೊ ರೌಡಿ ಅಲ್ಲ



ಇವತ್ತು ರಾಜಕಾರಣ ಬೇಡ. ರಾತ್ರಿ ಒಂಬತ್ತಕ್ಕೆ ಟೀವಿ ಮುಂದೆ ಕೂತವರಿಗೆ ಯಾರು ಯಾರಿಗೆ ಬೈದರು ಅನ್ನೋದು ಬೇಕು, ನನಗೂ ಗೊತ್ತು. ಅದು ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಹತ್ತನೇ ಕ್ಲಾಸಿನ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬಗ್ಗೆ ಮಾತಾಡೋಣ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಪರೀಕ್ಷೆ ಬರೆಯುವ ಮಗು ಇರುವ ಮನೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ಮೊನ್ನೆ ಬಿಜ್ಜರಗಿಗೆ ಹೋಗಿದ್ದೆ. ವಿಜಯಪುರ ಜಿಲ್ಲೆ, ತಿಕೋಟಾ ತಾಲೂಕು. ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಊರು ಅಂದರೆ ನಿಮಗೆ ಬೇಗ ಗೊತ್ತಾಗುತ್ತೆ. ನಮ್ಮ ಸೋದರತ್ತೆಯ ಮನೆ ಅಲ್ಲಿದೆ. ದ್ರಾಕ್ಷಿ ಕೊಯ್ಲಿನ ಹೊತ್ತು. ತೋಟದಲ್ಲಿ ಒಣದ್ರಾಕ್ಷಿ ಶೆಡ್ಡು, ಒಂದರ ಮೇಲೊಂದು ಬಲೆ ಕಟ್ಟಿ ಹಣ್ಣು ಹರವಿದ್ದಾರೆ. ಅದರ ಪಕ್ಕದ ನೆರಳಲ್ಲಿ ಒಬ್ಬ ಹುಡುಗಿ, ಅತ್ತೆಯ ನೆರೆಮನೆಯವಳು, ತೊಡೆ ಮೇಲೆ ಫೈಲ್ ಇಟ್ಟುಕೊಂಡು ಏನೋ ಗುನುಗುತ್ತಾ ಕೂತಿದ್ದಳು. ಬೆಳಿಗ್ಗೆಯೆಲ್ಲ ಅವ್ವನ ಜೊತೆ ಹಣ್ಣು ಬಿಡಿಸಿದ ಕೈ, ಹಾಳೆಗೆ ಅಂಟು ಹತ್ತುತ್ತಿತ್ತು.

"ಏನು ಓದಾಕತ್ತೀ ತಂಗಿ?" ಅಂದೆ.

"ಇಂಗ್ಲಿಷ್ ರೀ ಸರ. ಹಳೇ ಪೇಪರ್ ಬಾಯಿಪಾಠ ಮಾಡಾಕತ್ತೀನ್ರೀ."

ಬಾಯಿಪಾಠ. ಈ ಮಾತು ಇಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೀನಿ.

ಫೈಲ್ ತೆಗೆದು ನೋಡಿದೆ. ಒಂಬತ್ತು ಹಳೇ ಪ್ರಶ್ನೆಪತ್ರಿಕೆ. ತಿಕೋಟಾದಲ್ಲಿ ಜೆರಾಕ್ಸ್ ಮಾಡಿಸಿದ್ದು. ಅದರಲ್ಲಿ ಒಂದು ಮಾತ್ರ ಮಡಚಿ ಮಡಚಿ ಹರಿಯೋಕೆ ಬಂದಿತ್ತು. "ಇದನ್ನ ನಾಕ ಸಲ ಮಾಡೇನ್ರೀ ಸರ, ನಲವತ್ತಕ್ಕ ಮೂವತ್ತಾರ ಬಂದಾವ್ರೀ" ಅಂದಳು. ಮುಖದಲ್ಲಿ ಖುಷಿ. ನಾನು ದಿನಾಂಕ ನೋಡಿದೆ. 2021ರ ಜುಲೈ.

ನೆನಪಿದೆಯಾ ವೀಕ್ಷಕರೇ? ಕೋವಿಡ್ ಎರಡನೇ ಅಲೆಯ ವರ್ಷ. ಆರು ದಿನದ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ದರು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ. ಜುಲೈ 22ಕ್ಕೆ ಮೂರೂ ಭಾಷೆ. ಒಂದೊಂದಕ್ಕೆ 40 ಅಂಕ, ಎಲ್ಲಾ ಬಹು ಆಯ್ಕೆ, ಓಎಂಆರ್ ಹಾಳೆಯಲ್ಲಿ ಬೊಟ್ಟು ತುಂಬೋದು. ಬರೆಯೋಕೆ ಒಂದು ವಾಕ್ಯವೂ ಇಲ್ಲ. ಈಗಿನ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆ ಹಾಗಿಲ್ಲ. ಲಿಖಿತ 80 ಅಂಕ, ಶಾಲೆಯ ಆಂತರಿಕ ಮೌಲ್ಯಮಾಪನ 20. ಪತ್ರ ಬರೀಬೇಕು, ಪ್ರಬಂಧ ಬರೀಬೇಕು, ಸುಳಿವು ಕೊಟ್ಟರೆ ಕಥೆ ಬೆಳೆಸಬೇಕು, ಚಿತ್ರ ನೋಡಿ ನಾಲ್ಕು ಸಾಲು ಬರೀಬೇಕು. ಪಾಪ, ಆ ಹುಡುಗಿ ಈಜು ಪರೀಕ್ಷೆಗೆ ದಂಡೆ ಮೇಲೆ ಕೂತು ತಯಾರಾಗ್ತಿದ್ದಳು. ಅವಳ ತಪ್ಪಲ್ಲ. ಯಾವ ವರ್ಷದ ಪತ್ರಿಕೆ ಯಾವುದಕ್ಕೆ ಅಂತ ಯಾರೂ ಹೇಳಿರಲಿಲ್ಲ.

"ಒಂದು ರಜಾ ಅರ್ಜಿ ಬರಿ ನೋಡೋಣ" ಅಂದೆ. ಪಟಪಟ ಬರೆದಳು. ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ. ಆದರೆ ಮೇಲೆ ಬರೆದಿದ್ದ ವಿಳಾಸ: ಸರ್ಕಾರಿ ಪ್ರೌಢಶಾಲೆ, ಮೈಸೂರು!

ನಾನು ನಗಬೇಕಿತ್ತು. ನಗಲಿಲ್ಲ. ಯಾಕೆ ಅಂದರೆ ಆ ಮೈಸೂರಿನ ಹುಡುಗ ನಾನೇ ಆಗಿದ್ದೆ.

ನಾನು ಕನ್ನಡ ಮಾಧ್ಯಮದವನು. ನಾನು ಹತ್ತನೇ ಕ್ಲಾಸ್ ಇದ್ದಾಗ ವಿಜಯಪುರಕ್ಕೆ ಇನ್ನೂ ಬಿಜಾಪುರ ಅಂತಲೇ ಬೋರ್ಡು. ಐದು ವರ್ಷದ ಪತ್ರಿಕೆಗಳ ಉತ್ತರ ಗೈಡಿನಿಂದ ಕಂಠಪಾಠ ಮಾಡಿ ಇಂಗ್ಲಿಷ್‌ನಲ್ಲಿ ಒಳ್ಳೆ ಅಂಕ ತೆಗೆದೆ. ಮನೆಯಲ್ಲಿ ಪೇಡೆ ಹಂಚಿದರು. ಮುಂದೆ ಎಂಜಿನಿಯರಿಂಗ್ ಸೇರಿದೆ. ಮೊದಲ ಸೆಮಿಸ್ಟರಿನಲ್ಲಿ ಜ್ವರ ಬಂತು, ಹಾಸ್ಟೆಲ್ ವಾರ್ಡನ್ನಿಗೆ ರಜಾ ಅರ್ಜಿ ಬರೆದುಕೊಟ್ಟೆ. ಅವರು ಓದಿ ನನ್ನ ಮುಖ ನೋಡಿ ಕೇಳಿದರು, "ಏನಪ್ಪಾ, ನೀನು ಹತ್ತನೇ ಕ್ಲಾಸ್ ಬಿ ಸೆಕ್ಷನ್ನಾ?" ಗೈಡಿನಲ್ಲಿದ್ದದ್ದು ಇದ್ದ ಹಾಗೇ ಇಳಿದುಬಿಟ್ಟಿತ್ತು. ಅವತ್ತಿಂದ ಎರಡು ವರ್ಷ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ ನಾನು. ಸರ್ಕ್ಯೂಟ್ ಅರ್ಥವಾಗಿರುತ್ತಿತ್ತು, ಆದರೆ ಅರ್ಥವಾಗದ್ದನ್ನು ಕೇಳೋಕೆ ಬಾಯಿ ಬರುತ್ತಿರಲಿಲ್ಲ. ಈಗ ದಿನಾ ರಾತ್ರಿ ಇಷ್ಟು ಮಾತಾಡ್ತೀನಲ್ಲ, ಆ ಎರಡು ವರ್ಷದ ಸಾಲ ತೀರಿಸ್ತಾ ಇದ್ದೀನಿ ಅಂದುಕೊಳ್ಳಿ.

ಹಾಗಂತ ಹಳೇ ಪ್ರಶ್ನೆಪತ್ರಿಕೆ ಬೇಡ ಅಂತೀನಾ? ಖಂಡಿತ ಇಲ್ಲ. ಹಳ್ಳಿ ಮಗುವಿನ ಕೈಗೆ ಪುಕ್ಕಟೆ ಸಿಗುವ ಒಳ್ಳೆ ಮೇಷ್ಟ್ರು ಅದು. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲೇ ಹಿಂದಿನ ಪತ್ರಿಕೆಗಳಿವೆ, ಮಾದರಿ ಪತ್ರಿಕೆಗಳಿವೆ, ಮಾದರಿ ಉತ್ತರಗಳೂ ಇವೆ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಅಂದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪತ್ರಿಕೆ. ಕೊರತೆ ಪತ್ರಿಕೆಯದ್ದಲ್ಲ, ಬಳಸುವ ರೀತಿಯದ್ದು. ನಾನು ಎಂಜಿನಿಯರ್, ಎಂಜಿನಿಯರ್ ಭಾಷೆಯಲ್ಲೇ ಹೇಳ್ತೀನಿ. ಮೋಟಾರು ಹತ್ತಲಿಲ್ಲ ಅಂದರೆ ಮೀಟರ್ ಹಚ್ಚಿ ಎಲ್ಲಿ ಕರೆಂಟ್ ನಿಂತಿದೆ ಅಂತ ನೋಡ್ತೀವಿ. ಪ್ರಶ್ನೆಪತ್ರಿಕೆ ಆ ಮೀಟರ್. ಮೀಟರನ್ನೇ ಬಾಯಿಪಾಠ ಮಾಡಿದರೆ ಮೋಟಾರು ಹತ್ತಲ್ಲ.

ಮಕ್ಕಳೇ, ನೀವು ನೋಡ್ತಿದ್ದರೆ ಪೆನ್ನು ತಗೊಳ್ಳಿ. ಮೊದಲು ದಿನಾಂಕ ನೋಡಿ. 2021ರದ್ದು ಪಕ್ಕಕ್ಕಿಡಿ. ಪಠ್ಯಪುಸ್ತಕ ಬದಲಾಗುವ ಮುಂಚಿನದ್ದಾದರೆ ಅದರ ಪಾಠದ ಪ್ರಶ್ನೆ ಬಿಟ್ಟು ವ್ಯಾಕರಣ, ಪತ್ರ ಮಾತ್ರ ಮಾಡಿ. ಎರಡನೇದು, ಉತ್ತರ ನೋಡದೆ, ಗಡಿಯಾರ ಇಟ್ಟುಕೊಂಡು ಪೂರ್ತಿ ಬರೀರಿ. ಪರೀಕ್ಷೆಯ ಮೂರು ತಾಸು ಬೆನ್ನು ಬಗ್ಗಿಸಿ ಕೂರೋದೇ ಒಂದು ಅಭ್ಯಾಸ. ಮೂರನೇದು, ಆಮೇಲೆ ಮಾದರಿ ಉತ್ತರ ಇಟ್ಟುಕೊಂಡು ಕೆಂಪು ಪೆನ್ನಿನಿಂದ ನೀವೇ ತಿದ್ದಿ. ಎಲ್ಲಿ ಅಂಕ ಹೋಯಿತು ಅಂತ ಪಟ್ಟಿ ಮಾಡಿ: ಪಾಠದ ಪ್ರಶ್ನೆಯಲ್ಲಾ, ಪ್ಯಾಸಿವ್ ವಾಯ್ಸಿನಲ್ಲಾ, ಪತ್ರದಲ್ಲಾ, ಟೈಮ್ ಸಾಲಲಿಲ್ಲವಾ? ಎರಡು ಪತ್ರಿಕೆ ಹೀಗೆ ಮಾಡಿದರೆ ನಿಮ್ಮ ಕಾಯಿಲೆ ನಿಮಗೇ ಗೊತ್ತಾಗುತ್ತೆ. ಆ ವಾರ ಅದೊಂದನ್ನೇ ಓದಿ. ಒಂಬತ್ತು ಪತ್ರಿಕೆಯ ಉತ್ತರ ಉರು ಹೊಡೆಯೋದಕ್ಕಿಂತ ಮೂರು ಪತ್ರಿಕೆ ಹೀಗೆ ಬರೆಯೋದು ಮೇಲು. ಯಾಕೆ ಗೊತ್ತಾ? ಪ್ರಶ್ನೆ ಅದೇ ಬರಲ್ಲ, ಪ್ರಶ್ನೆಯ ಜಾತಿ ಅದೇ ಬರುತ್ತೆ. ಪತ್ರ ಬಂದೇ ಬರುತ್ತೆ, ಯಾರಿಗೆ ಯಾಕೆ ಅನ್ನೋದು ಬದಲಾಗುತ್ತೆ.

ಇನ್ನು ಪಾಠಕ್ಕೆ ಬರೋಣ. ಆ ಹುಡುಗಿ ಗುನುಗುತ್ತಿದ್ದದ್ದು ‘ಜಂಟಲ್‌ಮನ್ ಆಫ್ ರಿಯೊ ಎನ್ ಮೇಡಿಯೊ’ ಪಾಠದ ಉತ್ತರ. ಡಾನ್ ಅನ್ಸೆಲ್ಮೊ ಹೆಚ್ಚಿನ ಹಣ ಯಾಕೆ ಬೇಡ ಅಂದ? ಉತ್ತರ ಪೂರ್ತಿ ಒಪ್ಪಿಸಿದಳು. "ಡಾನ್ ಅಂದ್ರ ಏನವ್ವಾ?" ಅಂತ ಕೇಳಿದೆ.

"ರೌಡಿ ಅಲ್ಲೇನ್ರೀ ಸರ? ಸಿನಿಮಾದಾಗ ಇರ್ತಾರಲ್ಲರೀ..."

ಪಾಪ, ಮತ್ತೇನು ಅಂದುಕೊಳ್ಳಬೇಕು? ಅದು ಸ್ಪ್ಯಾನಿಷ್ ಮಾತು. ಊರಲ್ಲಿ ಹಿರಿಯರ ಹೆಸರಿನ ಜೊತೆ ನಾವು ‘ಗೌಡ್ರು’, ‘ಕಾಕಾ’ ಅಂತ ಮರ್ಯಾದೆಗೆ ಸೇರಿಸ್ತೀವಲ್ಲ, ಹಾಗೆ. ಊರಿನ ಹೆಸರೂ ಸ್ಪ್ಯಾನಿಷ್. ನಡುವಿನ ಹೊಳೆ ಅಂತ ಅರ್ಥ. ಅಮೆರಿಕದ ನ್ಯೂ ಮೆಕ್ಸಿಕೊ ಕಡೆ, ಹೊಳೆ ದಂಡೆಯ ಹಳ್ಳಿ. ನಮ್ಮ ಡೋಣಿ ದಂಡೆಯ ಹಳ್ಳಿ ಅಂದುಕೊಳ್ಳಿ. ಮುದುಕ 1200 ಡಾಲರ್‌ಗೆ ಜಮೀನು ಮಾರೋಕೆ ಒಪ್ಪುತ್ತಾನೆ. ಅಳತೆ ಮಾಡಿದರೆ ಹೆಚ್ಚುಕಡಿಮೆ ಎರಡರಷ್ಟು ಜಮೀನು! ಕೊಂಡವರು ಒಳ್ಳೆಯವರು, ಹಣವೂ ಹೆಚ್ಚು ಕೊಡ್ತೀವಿ ಅಂತಾರೆ. ಮುದುಕ ಒಪ್ಪಲ್ಲ. ಮಾತು ಕೊಟ್ಟಿದ್ದೀನಿ, ಅಷ್ಟೇ ಸಾಕು.

ಇಷ್ಟು ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ನಮ್ಮ ಅಪ್ಪಗೋಳ ಹಂಗ್ರೀ ಸರ."

ವೀಕ್ಷಕರೇ, ಆ ಊರಿನವರಿಗೆ ಅಪ್ಪಗೋಳು ಅಂದರೆ ಸಿದ್ಧೇಶ್ವರ ಸ್ವಾಮೀಜಿ. ಅಂಗಿಗೆ ಕಿಸೆ ಇಟ್ಟುಕೊಳ್ಳದವರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಅಂದವರು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪ್ರವಚನ ಮಾಡಿದವರು. ನ್ಯೂ ಮೆಕ್ಸಿಕೊದ ಮುದುಕನನ್ನು ಆ ಹುಡುಗಿ ಬಿಜ್ಜರಗಿಯಲ್ಲೇ ಹುಡುಕಿಕೊಂಡಳು. ಆಮೇಲೆ ಹಾಳೆ ತೆಗೆದು ಅವಳದೇ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದಳು. ಎರಡು ತಪ್ಪಿದ್ದವು. ಆದರೆ ಅದು ಅವಳ ಉತ್ತರ. ಪ್ರಶ್ನೆ ಹೇಗೇ ತಿರುಚಿ ಕೇಳಲಿ, ಇನ್ನು ಅವಳು ಬರೀತಾಳೆ.

ಒಂದು ಮಾತು ಗಮನಿಸಿ. ಈ ಭಾಗದ ಮಕ್ಕಳಿಗೆ ಭಾಷೆ ಬರಲ್ಲ ಅನ್ನೋದು ಶುದ್ಧ ಸುಳ್ಳು. ತಾಸಗಾಂವ್, ಸಾಂಗ್ಲಿ ಪೇಟೆಯ ವ್ಯಾಪಾರಿ ಫೋನ್ ಮಾಡಿದರೆ ಇದೇ ಹುಡುಗಿ ಮರಾಠಿಯಲ್ಲಿ ಒಣದ್ರಾಕ್ಷಿ ರೇಟು ಕೇಳ್ತಾಳೆ. ಅದಕ್ಕೆ ಯಾವ ಗೈಡು ಓದಿದ್ದಳು? ಕೇಳಿದಳು, ಆಡಿದಳು, ಬಂತು. ಇಂಗ್ಲಿಷ್ ಮಾತ್ರ ಅವಳ ಕಿವಿಗೆ ಬಿದ್ದೇ ಇಲ್ಲ, ನೇರ ಪರೀಕ್ಷೆಗೆ ಬಂದಿದೆ.

ಈಗ ವ್ಯವಸ್ಥೆಗೆ ಒಂದು ಪ್ರಶ್ನೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೋಣೆಗೆ ಕ್ಯಾಮೆರಾ ಬಂತು. ಫಲಿತಾಂಶ ಶೇ 73.40. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ ಸ್ವಾಮಿ, ಮೊದಲಿಂದ ಇದ್ದದ್ದನ್ನು ತೋರಿಸಿತು. ನಕಲು ತಡೆದದ್ದು ಸರಿ. ಆದರೆ ಎಂಟನೇ ಕ್ಲಾಸಿನಿಂದ ಭಾಷೆ ಕಲಿಸದೆ, ಜನವರಿಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ಅಂತ ನಾಲ್ಕು ಹಾಳೆ ಕೈಗಿಟ್ಟರೆ ಅದು ಪಾಠ ಅಲ್ಲ, ಪ್ರಥಮ ಚಿಕಿತ್ಸೆ. ಪ್ರಥಮ ಚಿಕಿತ್ಸೆ ಬೇಕು, ನಿಜ. ವರ್ಷಪೂರ್ತಿ ಅದನ್ನೇ ಕೊಟ್ಟರೆ ಆಸ್ಪತ್ರೆ ಯಾಕೆ?

ಕೊನೆಗೆ ಅಪ್ಪ ಅವ್ವಂದಿರಿಗೆ. ಹೊರಡುವಾಗ ಆ ಹುಡುಗಿಯ ಅಪ್ಪ ಸಿಕ್ಕರು. ಒಳ್ಳೆ ಮನುಷ್ಯ. "ಪಾಸಾದ್ರ ಕಲೀಲಿ ಸರ, ಫೇಲಾದ್ರ ಸಾಕ ಮಾಡೂದ" ಅಂದರು. ಸಿಟ್ಟಿಲ್ಲ, ಜೋರಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ಒಂದು ಪತ್ರಿಕೆಯ ಮೇಲೆ ಒಂದು ಜೀವನ ನಿಂತಿರುತ್ತೆ ಅಂದರೆ ಇದೇ. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ: ಕಾಕಾ, ಈಗ ಪರೀಕ್ಷೆ ಒಂದೇ ಅಲ್ಲ. ಒಂದರಲ್ಲಿ ಹೋದರೆ ಇನ್ನೊಂದಿದೆ, ಹೆಚ್ಚಿನ ಅಂಕವೇ ಉಳಿಯುತ್ತೆ. ಅಂಕ ಕಡಿಮೆ ಬಂತು ಅನ್ನಿಸಿದರೆ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಬಹುದು, ಮರುಮೌಲ್ಯಮಾಪನ ಕೇಳಬಹುದು. ಮೊದಲ ಫಲಿತಾಂಶದ ದಿನವೇ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಮತ್ತೆ ಈ ಒಂದು ತಿಂಗಳು ಮಾತ್ರ ಅವಳನ್ನು ಹಣ್ಣು ಬಿಡಿಸೋಕೆ ಕರೀಬೇಡಿ. ಅವರು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. "ನೋಡೂನ್ರೀ" ಅಂದರು. ನಮ್ಮ ಕಡೆ ಅದಕ್ಕೆ ಎರಡೂ ಅರ್ಥ ಇದೆ. ಒಳ್ಳೆ ಅರ್ಥವನ್ನೇ ಹಿಡಿದುಕೊಂಡು ಬಂದಿದ್ದೀನಿ.

ಡಾನ್ ಅನ್ಸೆಲ್ಮೊ ಕಥೆ ಪೂರ್ತಿ ಹೇಳಲಿಲ್ಲ ಅಲ್ವಾ? ಜಮೀನು ಮಾರಿದ ಮೇಲೂ ಊರ ಮಕ್ಕಳು ಆ ತೋಟದಲ್ಲೇ ಆಡ್ತಾ ಇರ್ತಾರೆ. ಕೇಳಿದರೆ ಮುದುಕ ಅಂತಾನೆ, ಜಮೀನು ಮಾರಿದೆ, ಮರ ಮಾರಲಿಲ್ಲ. ಊರಲ್ಲಿ ಮಗು ಹುಟ್ಟಿದಾಗೆಲ್ಲ ಒಂದು ಮರ ನೆಟ್ಟಿದ್ದೆ, ಅವು ಮಕ್ಕಳವು. ಕೊಂಡವರು ಒಬ್ಬೊಬ್ಬರ ಹತ್ತಿರ ಹೋಗಿ ಒಂದೊಂದೇ ಮರ ಕೊಳ್ಳಬೇಕಾಯಿತು. ಇದೂ ಪರೀಕ್ಷೆಗೆ ಬರಬಹುದು ಮಕ್ಕಳೇ. ಓದಿಕೊಳ್ಳಿ. ಉರು ಹೊಡೀಬೇಡಿ, ಓದಿಕೊಳ್ಳಿ.

ನಾಳೆ ಇದೇ ಹೊತ್ತಿಗೆ ಸಿಗೋಣ. ನಮಸ್ಕಾರ.