ಗಿಟಾರಿನ ದಂಡಿ, ಬಡಗಿಯ ಲೆಕ್ಕ

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವೀಣೆಗೆ ಮೆಟ್ಟು ಕೂರಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ದಂಡಿಯ ಮೇಲೆ ಉದ್ದಕ್ಕೂ ಎರಡು ಸಾಲು ಮೇಣ. ಇದ್ದಿಲ ಪುಡಿ ಬೆರೆತು ಕಪ್ಪಗಾದ ಆ ಮೇಣದಲ್ಲಿ ಇಪ್ಪತ್ತನಾಲ್ಕು ಲೋಹದ ಮೆಟ್ಟುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ತಂತಿ ಮೀಟಿ, ಕಿವಿಗೊಟ್ಟು ಕೇಳಿ, ಸ್ವರ ಸೇರದಿದ್ದರೆ ಮೇಣಕ್ಕೆ ಬಿಸಿ ತಾಗಿಸಿ ಮೆಟ್ಟನ್ನು ಅತ್ತಲೋ ಇತ್ತಲೋ ಒಂದಿಷ್ಟು ಸರಿಸುತ್ತಾರೆ. ಸಿತಾರಿನಲ್ಲಾದರೆ ಮೆಟ್ಟನ್ನು ದಾರದಿಂದ ಕಟ್ಟಿರುವುದರಿಂದ ನುಡಿಸುವವನೇ ರಾಗಕ್ಕೆ ತಕ್ಕಂತೆ ಸರಿಸಿಕೊಳ್ಳಬಹುದು. ಎರಡರಲ್ಲೂ ಕೊನೆಯ ತೀರ್ಪು ಕಿವಿಯದು.

ಗಿಟಾರಿನಲ್ಲಿ ಹಾಗಲ್ಲ. ಅಲ್ಲಿ ಮೆಟ್ಟು ಕೂರುವುದು ಮರದಲ್ಲಿ ಗರಗಸದಿಂದ ಕೊಯ್ದ ಸೀಳಿನೊಳಗೆ. ಕೊಯ್ಯುವ ಹೊತ್ತಿಗೆ ವಾದ್ಯಕ್ಕೆ ತಂತಿಯೇ ಇರುವುದಿಲ್ಲ, ಇನ್ನು ಕಿವಿಗೊಟ್ಟು ಕೇಳುವುದೇನನ್ನು? ಲೆಕ್ಕವನ್ನು ನಂಬಿ ಕೊಯ್ಯಬೇಕು. ಅರ್ಧ ಮಿಲಿಮೀಟರ್ ತಪ್ಪಿದರೂ ಆ ವಾದ್ಯ ಇರುವಷ್ಟು ಕಾಲ ಆ ಸ್ವರ ತಪ್ಪಾಗಿಯೇ ನುಡಿಯುತ್ತದೆ. ಇಂಗ್ಲಿಷಿನವರು ಗಿಟಾರಿನ ಕುತ್ತಿಗೆ ಎನ್ನುವ ಭಾಗವನ್ನು ನಾನು ನಮ್ಮ ಮಾತಿನಲ್ಲಿ ದಂಡಿ ಎಂದೇ ಕರೆಯುತ್ತೇನೆ. ಅದನ್ನು ಕೈಯಲ್ಲಿ ಮಾಡುವ ಕೆಲಸದ ಬಗ್ಗೆ ಇಂದು ನಾಲ್ಕು ಮಾತು.

ಯೂರೋಪಿನಲ್ಲೂ ಮೊದಲು ಮೆಟ್ಟುಗಳು ಸರಿಯುವಂಥವೇ ಆಗಿದ್ದವು. ಲ್ಯೂಟ್ ಎಂಬ ಹಳೆಯ ತಂತಿವಾದ್ಯದ ದಂಡಿಗೆ ಪ್ರಾಣಿಯ ಕರುಳಿನ ಎಳೆಯನ್ನು ಸುತ್ತಿ ಬಿಗಿಯುತ್ತಿದ್ದರು. ಆಗಲೂ ಲೆಕ್ಕದ ಸೂತ್ರವೊಂದು ಇತ್ತು. ಇಟಲಿಯ ಲ್ಯೂಟ್ ವಾದಕ ವಿನ್ಸೆಂಝೊ ಗೆಲಿಲಿ 1581ರ ತನ್ನ ಗ್ರಂಥದಲ್ಲಿ ಅದನ್ನು ಹೇಳಿದ್ದಾನೆ (ದೂರದರ್ಶಕದ ಗೆಲಿಲಿಯೊನ ತಂದೆ ಈತ). ತಂತಿಯ ಉದ್ದವನ್ನು ಹದಿನೆಂಟು ಭಾಗ ಮಾಡಿ, ಮೊದಲ ಭಾಗ ಮುಗಿಯುವಲ್ಲಿ ಮೊದಲ ಮೆಟ್ಟು. ಉಳಿದ ಉದ್ದವನ್ನು ಮತ್ತೆ ಹದಿನೆಂಟು ಮಾಡಿದರೆ ಎರಡನೆಯದು. ಹೀಗೇ ಮುಂದೆ. ಕೈವಾರವೊಂದಿದ್ದರೆ ಯಾವ ಬಡಗಿಯೂ ಮಾಡಬಹುದಾದ ಲೆಕ್ಕ ಇದು.

ಆದರೆ ಸೂತ್ರದಲ್ಲಿ ಒಂದು ಕೊರತೆ ಇದೆ. ಹನ್ನೆರಡನೆಯ ಮೆಟ್ಟು ತಾರಷಡ್ಜದ್ದು, ಅದು ತಂತಿಯ ಸರಿಯಾದ ನಡುವಿನಲ್ಲಿ ಬರಬೇಕು. ಇಂದಿನ ಸ್ಪ್ಯಾನಿಷ್ ಗಿಟಾರಿನ ತಂತಿ 650 ಮಿಲಿಮೀಟರ್, ಅದರ ನಡು 325. ಹದಿನೆಂಟರ ಸೂತ್ರ ನಮ್ಮನ್ನು 322.6ಕ್ಕೆ ತಂದು ನಿಲ್ಲಿಸುತ್ತದೆ, ಅಂದರೆ ಎರಡು ಮಿಲಿಮೀಟರಿಗೂ ಹೆಚ್ಚು ಕಡಮೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಬೇಕಾದರೆ ಭಾಗಿಸಬೇಕಾದ ಸಂಖ್ಯೆ 17.817. ಆಗ ಮೊದಲ ಮೆಟ್ಟು 36.48 ಮಿಲಿಮೀಟರಿಗೆ, ಹನ್ನೆರಡನೆಯದು ಕರಾರುವಾಕ್ಕಾಗಿ ನಡುವಿಗೆ. ಹಾಗೆಂದು ಹಳಬರು ದಡ್ಡರೇನಲ್ಲ. ತಂತಿಯನ್ನು ಬೆರಳಿನಿಂದ ಒತ್ತಿದಾಗ ಬಿಗಿ ಹೆಚ್ಚಿ ಸ್ವರ ತುಸು ಏರುತ್ತದೆ, ಹದಿನೆಂಟರ ಸೂತ್ರದ ಕೊರತೆ ಆ ಏರನ್ನು ಒಂದಿಷ್ಟು ಸರಿದೂಗಿಸುತ್ತಿತ್ತು. ಇಂದಿನವರು ಲೆಕ್ಕವನ್ನು ನಿಖರ ಮಾಡಿಕೊಂಡು, ಆ ಏರಿಗಾಗಿ ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕೂರಿಸುತ್ತಾರೆ.

ಸಮಪಾಲು ಎಂದೆನಲ್ಲ, ನಮ್ಮ ಸಂಗೀತದವರಿಗೆ ತೊಡಕಾಗುವುದು ಅಲ್ಲೇ. ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರ ನಿಮಗೆ ಗೊತ್ತು. 650 ಮಿಲಿಮೀಟರ್ ತಂತಿಯಲ್ಲಿ ಆ ಗಾಂಧಾರದ ಜಾಗ 130 ಮಿಲಿಮೀಟರ್. ಸಮಪಾಲಿನ ಲೆಕ್ಕದಲ್ಲಿ ಗಿಟಾರಿನ ನಾಲ್ಕನೆಯ ಮೆಟ್ಟು ಕೂರುವುದು 134ರಲ್ಲಿ. ನಾಲ್ಕು ಮಿಲಿಮೀಟರ್ ಅಂತರ! ಪಂಚಮದಲ್ಲಾದರೆ ವ್ಯತ್ಯಾಸ ಅರ್ಧ ಮಿಲಿಮೀಟರ್ ಅಷ್ಟೆ, ಕಿವಿ ಅದನ್ನು ಸಹಿಸುತ್ತದೆ. ಯಾವ ಸ್ವರವನ್ನು ಬೇಕಾದರೂ ಷಡ್ಜ ಮಾಡಿಕೊಂಡು, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯ ಸಂಗೀತಕ್ಕೆ ಈ ರಾಜಿ ಬೇಕೇ ಬೇಕು. ನಮಗೆ ಅದು ಬೇಕಿಲ್ಲ. ಎಪ್ಪತ್ತರ ದಶಕದಲ್ಲಿ ‘ಶಕ್ತಿ’ ತಂಡದಲ್ಲಿ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ ತನ್ನ ಗಿಟಾರಿನಲ್ಲಿ ಮೆಟ್ಟುಗಳ ನಡುವಿನ ಮರವನ್ನು ದೋಣಿಯ ಒಡಲಿನಂತೆ ತೋಡಿಸಿಕೊಂಡಿದ್ದ. ಆಗ ಬೆರಳು ಮರಕ್ಕೆ ತಾಗದೆ, ವೀಣೆಯಲ್ಲಿ ಎಳೆದಂತೆ ತಂತಿಯನ್ನು ಎಳೆದು ಗಮಕ ಕೊಡಬಹುದು. ವಿಶ್ವಮೋಹನ ಭಟ್ಟರಂಥವರು ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ಮೆಟ್ಟಿನ ಹಂಗನ್ನೇ ಕಳೆದುಕೊಂಡರು. ಎರಡನೆಯ ಹಾದಿಯೇ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಇನ್ನು ಮರಗೆಲಸಕ್ಕೆ ಬರೋಣ. ಇಂದಿನ ಸ್ಪ್ಯಾನಿಷ್ ಗಿಟಾರಿನ ರೂಪ ನಿಂತದ್ದು ಅಲ್ಮೇರಿಯಾದ ಆಂತೋನಿಯೊ ದೆ ತೋರೆಸ್‌ನ (1817-1892) ಕೈಯಲ್ಲಿ. ಆತ ಮೂಲತಃ ಬಡಗಿ. (ನಾದ ಹುಟ್ಟುವುದು ಮೇಲಿನ ಹಲಗೆಯಿಂದ ಎಂದು ತೋರಿಸಲು 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಿಂದಲೇ ಮಾಡಿದ ಹಟಮಾರಿ.) ದಂಡಿಗೆ ಸ್ಪೇನಿನವರು ಬಳಸುವುದು ‘ಸ್ಪ್ಯಾನಿಷ್ ಸೀಡರ್’. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ದೇವದಾರುವೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಮರ, ನಮ್ಮ ಬೇವಿನ ಬಳಗದ್ದು. ಸಿಗಾರಿನ ಪೆಟ್ಟಿಗೆ ಮಾಡುವುದೂ ಇದರಿಂದಲೇ. ಹಗುರ, ಸುಲಭಕ್ಕೆ ಸೊಟ್ಟಗಾಗದು.

ತಲೆ ಹಿಂದಕ್ಕೆ ಬಾಗಬೇಕು, ತಂತಿ ತಲೆಯ ಬಳಿಯ ಎಲುಬಿನ ಪಟ್ಟಿಯ ಮೇಲೆ ಒತ್ತಿ ಕೂರುವುದಕ್ಕೆ. ಒಂದೇ ದಿಮ್ಮಿಯಲ್ಲಿ ಆ ಬಾಗನ್ನು ಕೆತ್ತಿದರೆ ಎಳೆ ಅಡ್ಡಕ್ಕೆ ಕಡಿದು, ಗಿಟಾರು ಬಿದ್ದ ದಿನ ತಲೆ ಮುರಿಯುತ್ತದೆ. ಆದ್ದರಿಂದ ಹಲಗೆಯನ್ನು ಓರೆಯಾಗಿ ಕೊಯ್ದು, ತುಂಡನ್ನು ತಿರುಗಿಸಿ ಮರವಜ್ರದಿಂದ ಅಂಟಿಸುತ್ತಾರೆ. ಬುಡದ ದಪ್ಪಕ್ಕೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಸ್ಪೇನಿನ ಪದ್ಧತಿಯಲ್ಲಿ ದಂಡಿಯನ್ನು ಕೊನೆಗೆ ಜೋಡಿಸುವುದಿಲ್ಲ. ಅದರ ಬುಡದಲ್ಲೇ ಸೀಳು ತೆಗೆದು ಪಕ್ಕದ ಹಲಗೆಗಳನ್ನು ಅದರೊಳಗೆ ಕೂರಿಸುತ್ತಾರೆ, ಇಡೀ ಒಡಲು ದಂಡಿಯ ಸುತ್ತ ಬೆಳೆಯುತ್ತದೆ.

ಹೀಗೆ ಮಾಡಿದ ದಂಡಿ ನೈಲಾನ್ ತಂತಿಗಳ ಸುಮಾರು ನಲವತ್ತು ಕಿಲೋ ಎಳೆತವನ್ನು ವರ್ಷಾನುಗಟ್ಟಲೆ ತಡೆಯಬೇಕು. ಉಕ್ಕಿನ ತಂತಿಯಾದರೆ ಹೆಚ್ಚುಕಡಮೆ ಅದರ ಎರಡು ಪಟ್ಟು. ಅದಕ್ಕಾಗಿಯೇ 1920ರ ದಶಕದಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ದಂಡಿಯೊಳಗೆ ಬಿಗಿಮಾಡಬಹುದಾದ ಉಕ್ಕಿನ ಸರಳನ್ನು ಹುದುಗಿಸಿದ. ಸ್ಪ್ಯಾನಿಷ್ ಗಿಟಾರಿನಲ್ಲಿ ಪರಂಪರೆಯಂತೆ ಸರಳಿಲ್ಲ. ಅಲ್ಲಿ ತಡೆಯುವುದು ಮೇಲೆ ಅಂಟಿಸಿದ ಆರೇಳು ಮಿಲಿಮೀಟರ್ ದಪ್ಪದ ಗಟ್ಟಿ ಹಲಗೆ, ಅಂದರೆ ಕರಿಮರ ಅಥವಾ ಬೀಟೆ.

ಈ ಹಲಗೆಯಲ್ಲೇ ಮೆಟ್ಟಿನ ಸೀಳುಗಳನ್ನು ಕೊಯ್ಯುವುದು. ಸೀಳಿನ ಅಗಲ ಅರ್ಧ ಮಿಲಿಮೀಟರಿಗೆ ಒಂದಿಷ್ಟು ಮೇಲೆ. ಮೆಟ್ಟಿನ ತಂತಿ ತಾಮ್ರ, ನಿಕಲ್, ಸತುವಿನ ಮಿಶ್ರಲೋಹದ್ದು. ಅದರ ಕೆಳಗಿನ ಅಲಗಿನಲ್ಲಿ ಸಣ್ಣ ಮುಳ್ಳುಗಳಿರುತ್ತವೆ, ಸುತ್ತಿಗೆಯಿಂದ ತಟ್ಟಿ ಇಳಿಸಿದಾಗ ಅವು ಮರವನ್ನು ಕಚ್ಚಿ ಹಿಡಿಯುತ್ತವೆ. ಪ್ರತಿಯೊಂದು ಮೆಟ್ಟೂ ಒಂದೊಂದು ಬೆಣೆ ಎಂಬುದನ್ನು ಗಮನಿಸಿ. ಹತ್ತೊಂಬತ್ತು ಬೆಣೆಗಳು ಬಿಗಿಯಾಗಿ ಇಳಿದರೆ ದಂಡಿ ಹಿಂದಕ್ಕೆ ಡೊಂಕಾಗುತ್ತದೆ, ಸಡಿಲವಾದರೆ ತಂತಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಈ ಬಿಗಿಯನ್ನು ಅಂದಾಜಿಸುವುದು ಕೈಯ ಅನುಭವ.

ಕೂರಿಸಿದ ಮೇಲೆ ನೇರವಾದ ಉದ್ದನೆಯ ಅರದಿಂದ ಎಲ್ಲ ಮೆಟ್ಟುಗಳ ನೆತ್ತಿಯನ್ನು ಒಂದೇ ಮಟ್ಟಕ್ಕೆ ಉಜ್ಜಿ, ಮತ್ತೆ ಒಂದೊಂದರ ಬೆನ್ನನ್ನೂ ದುಂಡಗೆ ಮಾಡಬೇಕು. ಒಂದು ಮೆಟ್ಟು ಕೂದಲೆಳೆಯಷ್ಟು ಎದ್ದಿದ್ದರೂ ಅದರ ಹಿಂದಿನ ಸ್ವರ ಜೊರ್ರೆನ್ನುತ್ತದೆ. ದಂಡಿಯ ಬೆನ್ನನ್ನು ಅರ, ಉಪ್ಪುಕಾಗದಗಳಿಂದ ಉಜ್ಜುತ್ತ, ಹಿಡಿದು ನೋಡುತ್ತ ಮುಗಿಸುತ್ತಾರೆ. ಸೀಳು ಕೊಯ್ಯುವುದನ್ನು ಇಂದು ಕಂಪ್ಯೂಟರ್ ನಡೆಸುವ ಯಂತ್ರ ಹೆಚ್ಚು ನಿಖರವಾಗಿ ಮಾಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ಹವೆಯ ಮಾತೂ ಇದೆ. ಮಂಗಳೂರಿನ ಮಳೆಗಾಲದಲ್ಲಿ ಅಂಟಿಸಿದ ಹಲಗೆಯನ್ನು ಬಳ್ಳಾರಿಯ ಬೇಸಿಗೆಗೆ ಒಯ್ದರೆ ಮರ ಕುಗ್ಗುತ್ತದೆ, ಲೋಹ ಕುಗ್ಗದು. ಮೆಟ್ಟಿನ ತುದಿಗಳು ಅಂಚಿನಿಂದ ಹೊರಬಂದು ಅಂಗೈಯನ್ನು ಗೀರುತ್ತವೆ.

ಬೀಟೆ ಎಂದೆ. ನಮ್ಮ ಮಲೆನಾಡಿನ, ಕೊಡಗಿನ ಕಾಡುಗಳ ಮರ ಗಿಟಾರಿನ ಲೋಕಕ್ಕೆ ಹೋದ ಕಥೆಯನ್ನು ಹೇಳಲೇಬೇಕು. ಮೊದಲು ಅಲ್ಲಿ ಬ್ರೆಜಿಲ್ ದೇಶದ ಬೀಟೆಗೆ ಬೇಡಿಕೆ. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಯತ್ತ ತಿರುಗಿತು, ಉಳಿದವರೂ ಹಿಂಬಾಲಿಸಿದರು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವೇ ನಿಂತಿತು. ನಮ್ಮ ಮರದ ಮೇಲಿನ ಒತ್ತಡ ಎಷ್ಟಾಗಿರಬಹುದು, ಊಹಿಸಿ.

2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ, ಭಾರತದಿಂದ ಬಂದಿದ್ದ ಬೀಟೆ, ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ವಿವಾದ ಇಷ್ಟೆ: ಮೆಟ್ಟು ಕೂರಿಸದ ಆ ಪಟ್ಟಿ ವಾದ್ಯದ ಭಾಗವೋ, ಬರಿಯ ಕೊಯ್ದ ಮರವೋ? ಕೊಯ್ದ ಮರವಾದರೆ ಭಾರತದ ಕಾನೂನಿನಂತೆ ಅದರ ರಫ್ತು ನಿಷಿದ್ಧ. ಮರುವರ್ಷ ಮಡಗಾಸ್ಕರಿನ ಕರಿಮರದ ಪ್ರಕರಣಕ್ಕೆ ಕಂಪನಿ ಮೂರು ಲಕ್ಷ ಡಾಲರ್ ದಂಡ ತೆತ್ತು ರಾಜಿಯಾಯಿತು. ಭಾರತದ ಹಲಗೆಗಳು ಹಿಂತಿರುಗಿದವು. ಸೀಳೇ ಇಲ್ಲದ ಪಟ್ಟಿಯನ್ನು ಹೊರಗೆ ಕಳಿಸಿದರೆ ನಮ್ಮ ಕೈಕೆಲಸದವರಿಗೆ ಉಳಿಯುವುದೇನು ಎಂಬ ಪ್ರಶ್ನೆಯನ್ನು ಆಗ ಹೆಚ್ಚು ಜನ ಎತ್ತಲಿಲ್ಲ.

2017ರ ಜನವರಿಯಿಂದ ಜಗತ್ತಿನ ಬೀಟೆ ಜಾತಿಗಳೆಲ್ಲ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಬಂದವು. ವಾದಕರು ಗಿಟಾರು ಹಿಡಿದು ಗಡಿ ದಾಟುವುದೂ ತಲೆನೋವಾಯಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಮರಕ್ಕೆ ಮಾತ್ರ ನಿಯಮ ಹಾಗೆಯೇ ಇದೆ. ತಂಜಾವೂರಿನ ವೀಣೆ ಮಾಡುವವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಅವರು ಬಳಸುವುದು ಹಿತ್ತಲಿನ ಹಲಸು.