ಮತಗಟ್ಟೆಯ ಗೋಡೆಗೆ ಅಂಟಿಸಿದ ಕಾಗದ



ನಮ್ಮ ಕೇಳುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಇಂಥ ದೇಶದಾಗ ಚುನಾವಣೆ ಸರಿಯಾಗಿ ನಡೀಲಿಲ್ಲ, ವಿಶ್ವಸಂಸ್ಥೆ ಖಂಡಿಸಿತು ಅಂತ ವಾರ್ತೆಯೊಳಗ ಕೇಳ್ತೀವಿ. ಖಂಡಿಸಿದ್ರ ಆ ಸರ್ವಾಧಿಕಾರಿಗೆ ಏನಾಗ್ತದ ಹೇಳ್ರಿ?"

ಬಹಳ ಸಲ ಏನೂ ಆಗುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೂ 2008ರಲ್ಲಿ ಜಿಂಬಾಬ್ವೆಯಲ್ಲಿ ನಡೆದದ್ದನ್ನು ಹೇಳಬೇಕು ಅನ್ನಿಸುತ್ತದೆ.

ರಾಬರ್ಟ್ ಮುಗಾಬೆ ಬಿಳಿಯರ ಆಡಳಿತದ ವಿರುದ್ಧ ಹೋರಾಡಿ, ವರ್ಷಗಟ್ಟಲೆ ಜೈಲಿನಲ್ಲಿದ್ದು, 1980ರಲ್ಲಿ ಸ್ವತಂತ್ರ ದೇಶದ ಚುಕ್ಕಾಣಿ ಹಿಡಿದವರು. ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. 2002ರಲ್ಲಿ ಐರೋಪ್ಯ ಒಕ್ಕೂಟ ಅವರ ಮೇಲೆ ನಿರ್ಬಂಧ ಹೇರಿತು. ಇದೆಲ್ಲ ಹಳೆಯ ದೊರೆಗಳಾದ ಬ್ರಿಟಿಷರ ಪಿತೂರಿ ಎಂದು ಅವರು ಸಭೆ ಸಭೆಯಲ್ಲಿ ಹೇಳಿದರು. ಜನರಲ್ಲಿ ಎಷ್ಟೋ ಮಂದಿ ನಂಬಿದರು ಕೂಡ.

ಕೆಲಸ ಮಾಡಿದ್ದು ನೆರೆಹೊರೆಯವರ ಒತ್ತಡ. 2007ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ಎರಡೂ ಪಕ್ಷಗಳನ್ನು ಮಾತುಕತೆಗೆ ಕೂರಿಸಿದರು. ಅದರಿಂದ ಬಂದ ಒಂದು ಸಣ್ಣ ತಿದ್ದುಪಡಿ: ಪ್ರತಿ ಮತಗಟ್ಟೆಯಲ್ಲೂ ಎಣಿಕೆ ಮುಗಿದ ಕೂಡಲೇ ಫಲಿತಾಂಶದ ಕಾಗದವನ್ನು ಹೊರಗೆ ಅಂಟಿಸಬೇಕು. ಅಷ್ಟೇ. 2008ರ ಮಾರ್ಚ್ 29ರಂದು ಮತದಾನವಾಯಿತು. ವಿರೋಧ ಪಕ್ಷದವರು ಆ ಕಾಗದಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕೂಡಿಸಿಕೊಂಡರು! ಆಯೋಗ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿದಿಟ್ಟುಕೊಂಡು, ಕೊನೆಗೆ ಮೇ 2ರಂದು ಒಪ್ಪಿಕೊಂಡಿತು: ಮಾರ್ಗನ್ ಸ್ವಾಂಗಿರಾಯ್ ಅವರಿಗೆ ಶೇ. 47.9, ಮುಗಾಬೆಗೆ 43.2. ಅರ್ಧಕ್ಕಿಂತ ಹೆಚ್ಚು ಯಾರಿಗೂ ಇಲ್ಲ, ಹಾಗಾಗಿ ಎರಡನೇ ಸುತ್ತು.

ಈ ನಡುವೆ ಏಪ್ರಿಲ್‌ನಲ್ಲಿ ಜಿಂಬಾಬ್ವೆಗೆಂದು ಶಸ್ತ್ರಾಸ್ತ್ರ ಹೊತ್ತ ಚೀನಾದ ಹಡಗೊಂದು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿಗೆ ಬಂತು. ಅದರಲ್ಲಿ ಸುಮಾರು ಮೂವತ್ತು ಲಕ್ಷ ಗುಂಡುಗಳು. ಅಲ್ಲಿನ ಸರ್ಕಾರ ತಡೆಯಲಿಲ್ಲ. ತಡೆದವರು ಬಂದರಿನ ಕೂಲಿಕಾರರು. "ನಾವು ಇಳಿಸುವುದಿಲ್ಲ" ಎಂದುಬಿಟ್ಟರು. ಬಿಷಪ್ ರೂಬಿನ್ ಫಿಲಿಪ್ ಕೋರ್ಟಿಗೆ ಹೋಗಿ ಆದೇಶ ತಂದರು. ಹಡಗು ಲಂಗರು ಎತ್ತಿತು. ಮುಂಬಯಿ, ಚೆನ್ನೈ ಬಂದರುಗಳ ಹತ್ತಿರ ಇರುವ ನಮ್ಮ ಕೇಳುಗರಿಗೆ ಗೊತ್ತು, ಸರಕು ಇಳಿಸುವವರು ಕೈಕಟ್ಟಿ ನಿಂತರೆ ಎಂಥ ಹಡಗೂ ಬರೀ ಕಬ್ಬಿಣ.

ಎರಡನೇ ಸುತ್ತಿಗೆ ಮೊದಲೇ ಹಳ್ಳಿಗಳಲ್ಲಿ ಹೊಡೆತ, ಕೊಲೆ ಶುರುವಾಯಿತು. ನನಗೆ ಮತ ಹಾಕಿದವರ ಪ್ರಾಣ ಹೋಗುವುದು ಬೇಡ ಎಂದು ಸ್ವಾಂಗಿರಾಯ್ ಹಿಂದೆ ಸರಿದರು. ಜೂನ್ 27ರಂದು ಮುಗಾಬೆ ಒಬ್ಬರೇ ಓಡಿ ಒಬ್ಬರೇ ಗೆದ್ದರು. ಇದು ಜನರ ಇಚ್ಛೆಯಲ್ಲ ಎಂದು ನೆರೆ ದೇಶಗಳ ವೀಕ್ಷಕರೇ ಹೇಳಿದ್ದು ಅವರಿಗೆ ಚುಚ್ಚಿತು. ಇವರನ್ನು ಬ್ರಿಟಿಷರ ಕೈಗೊಂಬೆ ಎನ್ನುವುದು ಹೇಗೆ? ಜುಲೈ 11ರಂದು ಭದ್ರತಾ ಮಂಡಳಿಗೆ ಬಂದ ನಿರ್ಣಯವನ್ನಂತೂ ರಷ್ಯಾ, ಚೀನಾ ವಿಟೊ ಹಾಕಿ ಮುಗಿಸಿದವು.

ರೇಡಿಯೊದವಳಾಗಿ ಒಂದು ಮಾತು ಸೇರಿಸುತ್ತೇನೆ. ದೇಶ ಬಿಟ್ಟ ಪ್ರಸಾರಕರು ಲಂಡನ್ನಿನಿಂದ ಎಸ್‌ಡಬ್ಲ್ಯು ರೇಡಿಯೊ ಆಫ್ರಿಕಾ ಎಂಬ ಕೇಂದ್ರ ನಡೆಸುತ್ತಿದ್ದರು. ಕಿರುತರಂಗಕ್ಕೆ ಅಡ್ಡಿ ಮಾಡಿದರೆ ಎಸ್‌ಎಂಎಸ್‌ನಲ್ಲಿ ಸುದ್ದಿ ಕಳಿಸುತ್ತಿದ್ದರು. 2014ರಲ್ಲಿ ಅದು ಮುಚ್ಚಿತು.

ಒತ್ತಡದ ಫಲ ಅರ್ಧ ಸಿಕ್ಕಿತು. 2009ರ ಫೆಬ್ರವರಿಯಲ್ಲಿ ಸ್ವಾಂಗಿರಾಯ್ ಪ್ರಧಾನಿಯಾದರು, ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಮುಗಾಬೆಯೇ ಕುಳಿತಿದ್ದರು. 2013ರಲ್ಲಿ ಮತ್ತೆ ಗೆದ್ದರು. 2017ರ ನವೆಂಬರ್‌ನಲ್ಲಿ ಅವರನ್ನು ಇಳಿಸಿದ್ದು ಹೊರಗಿನವರಲ್ಲ, ಅವರದೇ ಸೈನ್ಯ. ಪತ್ರ ಬರೆದವರಿಗೆ ನನ್ನಲ್ಲಿರುವ ಉತ್ತರ ಇಷ್ಟು.